ಚೀಟಿಯ ಮೂರನೇ ಸಾಲು

ನರಸಕ್ಕ ಹೊಲಿಗೆ ಮಿಷನ್ನಿನ ಬಾಬಿನ್ ಕೇಸನ್ನು ಗಾಜಿನ ಕೌಂಟರಿನ ಮೇಲಿಟ್ಟು ಕೈ ಎತ್ತಿದಳು. ಅದು ಕೌಂಟರಿನ ಮೇಲೆ ಉಳಿಯಲಿಲ್ಲ. ಬೆರಳಿಗೆ ಅಂಟಿಕೊಂಡೇ ಮೇಲೆದ್ದಿತು.

"ನೋಡ್ರಿ ಚಂದ್ರಕಲಮ್ಮ, ಕಣ್ತುಂಬ ನೋಡ್ರಿ. ಇದು ಎಣ್ಣಿ ಅಲ್ಲ, ಬೆಲ್ಲದ ಪಾಕ. ಮಿಷನ್ನಿಗೆ ಬಿಡಾಕ ಕೊಟ್ರೋ, ಶೇಂಗಾ ಉಂಡಿ ಕಟ್ಟಾಕ ಕೊಟ್ರೋ?"

ಚಂದ್ರಕಲಾ ಕೌಂಟರ್ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿಟ್ಟಳು. ಆಷಾಢದ ಗಾಳಿ ಹಿಡಿದು ಹದಿನೈದು ದಿನವಾಗಿತ್ತು. ಬೆಳಿಗ್ಗೆಯಿಂದ ಇದು ಐದನೆಯ ಸಲ ಒರೆಸುವುದು. ಒರೆಸಿ ತಿರುಗುವಷ್ಟರಲ್ಲಿ ರಾಯದುರ್ಗದ ಬಳ್ಳಾರಿ ರಸ್ತೆಯ ಧೂಳು ಮತ್ತೆ ತೆಳ್ಳಗೆ ಬಂದು ಕೂತಿರುತ್ತಿತ್ತು.

"ಎಷ್ಟು ಬಿಟ್ಟಿದ್ರಿ ನರಸಕ್ಕ?"

"ಎಷ್ಟು ಬಿಡ್ತಾರ? ನಾಕು ಹನಿ. ಎರಡು ದಿನ ಚಲೋ ಓಡ್ತು. ಆಮ್ಯಾಲೆ ಜೀನ್ಸಿನ ಧೂಳು, ಹೊರಗಿನ ಉಸುಕು, ಎಲ್ಲಾ ಬಂದು ಅದಕ್ಕ ಹತ್ಕೊಂಡು ಕುಂತೈತಿ. ಒಂದನ್ನೂ ಒಳಗ ಬಿಡವಲ್ದು, ಹೊರಗ ಬಿಡವಲ್ದು. ಗಾಲಿನೇ ತಿರುಗವಲ್ದು. ಅರವತ್ತು ಪ್ಯಾಂಟಿನ ಜೇಬು ಹಂಗ ಬಿದ್ದಾವ ಮನ್ಯಾಗ."

ಚಂದ್ರಕಲಾ ಬಾಬಿನ್ ಕೇಸನ್ನು ಮುಟ್ಟಿ, ಅದೇ ಬೆರಳನ್ನು ಕೌಂಟರಿನ ಮೇಲೆ ಒಂದು ಗೇಣು ಎಳೆದಳು. ಬೆರಳು ಹೋದಲ್ಲೆಲ್ಲ ಗಾಜು ಸ್ವಚ್ಛವಾಯಿತು. ಧೂಳೆಲ್ಲ ಬೆರಳಿನಲ್ಲಿತ್ತು. ಸೆರಗಿಗೆ ಉಜ್ಜಿದರೂ ಹೋಗಲಿಲ್ಲ.

ಆ ಎಣ್ಣೆ ಹೊಲಿಗೆ ಮಿಷನ್ನಿನದಲ್ಲ. ಮೋಟಾರ್ ಸೈಕಲ್ಲಿನ ಕೆಂಪು ಏರ್ ಫಿಲ್ಟರಿನ ಡಬ್ಬಿಯಲ್ಲಿ ಬರುತ್ತಿದ್ದ ಪುಟ್ಟ ಸೀಸೆ. ಯುಗಾದಿಗೆ ಮುಂಚೆ ಅವಳ ಗಂಡ ಕಿರಣ್‌ಕುಮಾರ್ ಆ ಫಿಲ್ಟರುಗಳನ್ನು ಬೆಂಗಳೂರಿನ ಏಜೆಂಟನಿಂದ ತರಿಸಿದ್ದ. ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟ ಒಂಬತ್ತು ವರ್ಷಗಳಲ್ಲಿ ಅವನು ತಾನಾಗಿ ಹೊಸದೊಂದನ್ನು ತಂದದ್ದು ಅದೇ ಮೊದಲು. "ಸುಮ್ನ ಮಾರಂಗಿಲ್ಲ. ಓಡ್ಸಿ ತೋರ್ಸಿ ಮಾರ್ತೀನಿ" ಎಂದು ಒಂದು ಭಾನುವಾರ ಮುಂಜಾನೆ ಅವಳನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಊರ ಹೊರಗಿನ ನೇರ ರಸ್ತೆಗೆ ಹೋಗಿದ್ದ. ಒಂದೇ ಗಾಡಿ, ಒಂದೇ ರಸ್ತೆ. ಮೊದಲು ಕಂಪನಿಯ ಕಾಗದದ ಫಿಲ್ಟರ್, ಆಮೇಲೆ ಸ್ಪಂಜಿನದು, ಕೊನೆಗೆ ಅರಿವೆಯ ಮಡಿಕೆಗಳ ಈ ಕೆಂಪು. ಅವಳು ಗಂಡನ ಭುಜದ ಮೇಲಿಂದ ಮೀಟರಿನ ಮುಳ್ಳನ್ನೇ ನೋಡುತ್ತ, ನಿಂತಲ್ಲಿಂದ ಎಂಬತ್ತರ ವೇಗ ಮುಟ್ಟುವವರೆಗೆ ಫೋನಿನಲ್ಲಿ ಸೆಕೆಂಡು ಹಿಡಿದಿದ್ದಳು. ಕಾಗದಕ್ಕೆ ಹತ್ತೊಂಬತ್ತು, ಸ್ಪಂಜಿಗೂ ಹತ್ತೊಂಬತ್ತು. ಕೆಂಪಿಗೆ ಎಣ್ಣೆ ಹಚ್ಚಿದಾಗ ಹದಿನೆಂಟು. ಹಚ್ಚದೆ ಹದಿನೇಳು.

ಹದಿನೇಳು ಬಂದಾಗ ಕಿರಣ್ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ನಕ್ಕಿದ್ದ. ಅವನು ಹಾಗೆ ನಕ್ಕು ಬಹಳ ದಿನವಾಗಿತ್ತು.

ಆ ಹದಿನೇಳು ಅಂಗಡಿಯ ಗಾಜಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬಂತು, ಗಡಿಯ ಊರಾದ್ದರಿಂದ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯನ್ನು ಎರಡೂ ಭಾಷೆಗೆ ತರುವ ಕೆಲಸ ಬಿ.ಎ. ಓದಿದ ಅವಳದಾಯಿತು. ಐದು ಸಾಲು. ಮೂರನೆಯದು: ತೊಳೆದು ಒಣಗಿದ ಮೇಲೆ ಜೊತೆಗಿರುವ ಎಣ್ಣೆಯನ್ನು ತಪ್ಪದೆ ಹಚ್ಚಬೇಕು.

"ಅದನ್ನ ತೆಗಿ ಚಂದ್ರಾ" ಎಂದಿದ್ದ ಕಿರಣ್. "ಬೆಂಗಳೂರಿನ ರೋಡ್ ನೋಡಿ ಬರ್ದಿದ್ದು ಅದು. ನಮ್ಮ ಕಡಿ ಎಣ್ಣಿ ಹಚ್ಚಿದ್ರ ಉಸುಕೆಲ್ಲಾ ಬಂದು ಹತ್ಕೊಂತೈತಿ. ಇಲ್ಲಿ ಯಾರರ ಚೈನಿಗೆ ಎಣ್ಣಿ ಬಿಡ್ತಾರೇನು ಗಾಳಿ ದಿನದಾಗ?"

ಬಿಡುತ್ತಿರಲಿಲ್ಲ, ನಿಜ. ಗಾಳಿಯ ತಿಂಗಳಲ್ಲಿ ಎಣ್ಣೆಯ ಪದಾರ್ಥವನ್ನು ಇಲ್ಲಿ ಯಾರೂ ತೆರೆದಿಡುವುದಿಲ್ಲ. ಆದರೂ ಅವಳು ಆ 'ತಪ್ಪದೆ' ಎಂಬ ಮಾತಿನ ಮೇಲೆ ಪೆನ್ನಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ನಾಲ್ಕನೆಯದಕ್ಕೆ ಮೂರು ಎಂದು, ಐದನೆಯದಕ್ಕೆ ನಾಲ್ಕು ಎಂದು ಅಂಕಿ ಹಾಕಿದಳು. ಉಳಿದ ಸೀಸೆಗಳು ಡ್ರಾಯರಿನಲ್ಲಿ ಯಾಕೆ ಎಂದು ಓಣಿಯಲ್ಲಿ ಜೀನ್ಸ್ ಹೊಲಿಯುವ ಹೆಂಗಸರಿಗೆ ಒಂದೊಂದಾಗಿ ಕೊಟ್ಟಿದ್ದಳು.

"ಹನುಮಂತು ಎಲ್ಲಿ ನರಸಕ್ಕ?" ಎಂದಳು. ಹನುಮಂತು ನರಸಕ್ಕನ ಮಗ. ರಾಯದುರ್ಗದಲ್ಲಿ ಕತ್ತರಿಸಿದ ಜೀನ್ಸಿನ ಬಂಡಲುಗಳನ್ನು ಬೊಮ್ಮನಹಾಳ್ ಕಡೆಯ ಹಳ್ಳಿಗಳಿಗೆ ಹೊಲಿಯಲು ಒಯ್ದು, ಹೊಲಿದದ್ದನ್ನು ತರುವುದು ಅವನ ಕೆಲಸ. ಕೆಂಪು ಫಿಲ್ಟರ್ ಮೊದಲು ಹಾಕಿಸಿದವನೂ ಅವನೇ.

"ಇಲ್ಲೇ, ಸಣ್ಣಬಸಪ್ಪನ ಬೇವಿನ ಗಿಡದ ಕೆಳಗ. ಅವನ ಗಾಡಿ ನನ್ನ ಮಿಷನ್ನಿಗಿಂತ ಚಂದ. ಮುಂಜಾನಿಂದ ಹೊಗಿ ಬಿಡ್ತೈತಿ, ಸೊಳ್ಳಿ ಓಡ್ಸೋ ಮುನ್ಸಿಪಾಲ್ಟಿ ಗಾಡಿ ಆಗೈತಿ."

ಕಿರಣ್ ಬಸ್‌ಸ್ಟ್ಯಾಂಡಿಗೆ ಪಾರ್ಸಲ್ ತರಲು ಹೋಗಿದ್ದ. ಚಂದ್ರಕಲಾ ಬಾಗಿಲನ್ನು ಮುಂದೆ ಮಾಡಿ ರಸ್ತೆ ದಾಟಿದಳು. ನರಸಕ್ಕ ಬಾಬಿನ್ ಕೇಸನ್ನು ಹಿಡಿದುಕೊಂಡೇ ಹಿಂದೆ ಬಂದಳು.

ಮೆಕ್ಯಾನಿಕ್ ಸಣ್ಣಬಸಪ್ಪ ಗಾಡಿಯ ಸೀಟು, ಟ್ಯಾಂಕು ಬಿಚ್ಚಿ ಗೋಣಿಚೀಲದ ಮೇಲಿಟ್ಟಿದ್ದ. ಫಿಲ್ಟರಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ ಅವನ ಕೈಯಲ್ಲಿತ್ತು.

"ಬರ್ರಿ ಅಮ್ಮಾ. ನಿಮ್ಮ ಹದಿನೇಳು ಸೆಕೆಂಡ್ ಇಲ್ಲಿ ಮಲಗೈತಿ ನೋಡ್ರಿ."

ಹನುಮಂತು ಕೂತಲ್ಲಿಂದ ಎದ್ದ. "ನೀ ಸುಮ್ಕಿರಪ್ಪ ಸಣ್ಣಬಸಣ್ಣ. ಅಕ್ಕಾ, ಫಿಲ್ಟರಿಂದು ತಪ್ಪಲ್ಲ ಬಿಡ್ರಿ. ಗಾಡಿ ಬಾಣ ಇದ್ದಂಗ ಹೊಕ್ಕಿತ್ತು. ನಂದೇ ಏನೋ ಹೆಚ್ಚುಕಮ್ಮಿ ಆಗೈತಿ ತೊಳಿಯೋದ್ರಾಗ." ಅವನು ಪ್ಯಾಂಟಿನ ಹಿಂದಿನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಚೀಟಿಯನ್ನು ತೆಗೆದ. ಮಡಿಕೆ ಬಿದ್ದಲ್ಲಿ ಹರಿದಿರಲಿಲ್ಲ, ಜೋಪಾನವಾಗಿ ಇಟ್ಟಿದ್ದ. "ಇಲ್ಲಿ ಬರ್ದಂಗ ಮಾಡೀನಿ ನೋಡ್ರಿ. ವಾರಕ್ಕೊಂದು ಸಲ ಶಾಂಪೂದಾಗ ತೊಳ್ದೀನಿ. ನೆರಳಾಗ ಒಣಗ್ಸೀನಿ. ಒಂದು ವಾರ ತಪ್ಸಿಲ್ಲ."

ತನ್ನ ದುಂಡು ಅಕ್ಷರಗಳನ್ನು ಚಂದ್ರಕಲಾ ತಲೆಕೆಳಗಾಗಿ ಓದಿದಳು. ಒಂದು, ಎರಡು, ಮೂರು, ನಾಲ್ಕು.

"ಗಾಳಿ ಸಲೀಸು ಬಂದ್ರ ಆತೇನೋ?" ಎಂದ ಸಣ್ಣಬಸಪ್ಪ. "ಗಾಳಿ ಬೆನ್ನಿಗೆ ಯಾರು ಬರ್ತಾರ ಅಂತ ನೋಡಬೇಕು, ಬಾಗಲ ಕಾಯೋನು."

ಅವಳು ಕೊಳವೆಗಾಗಿ ಕೈ ಚಾಚಿದಳು. ಒಳಗೆ ಬೆರಳಾಡಿಸಿದಳು. ಹಿಟ್ಟಿನಂಥ ಬೂದು ಧೂಳು ಹತ್ತಿತು. ಬರೀ ಧೂಳೋ, ಉಸುಕೋ ಎಂದು ಬೆರಳಿಗೆ ತಿಳಿಯಲಿಲ್ಲ. ಅವಳ ತವರು ಬೊಮ್ಮನಹಾಳ್ ಕಡೆ, ಹಗರಿ ಹೊಳೆಯ ದಂಡೆಯ ಊರು. ಅಲ್ಲಿ ಗಾಳಿಯ ದಿನಗಳಲ್ಲಿ ಉಸುಕಿನ ದಿಬ್ಬಗಳು ಹೊಲದೊಳಗೆ ನಡೆದು ಬರುತ್ತವೆ. ಅವ್ವ ರೊಟ್ಟಿ ತಟ್ಟುವ ಮುಂಚೆ ಜೋಳದ ಹಿಟ್ಟನ್ನು ಒಂದು ಚಿಟಿಕೆ ಮುಂದಿನ ಹಲ್ಲಿನ ನಡುವೆ ಇಟ್ಟು ನೋಡುತ್ತಿದ್ದಳು. ಕಣ್ಣು, ಕೈ ಮೋಸ ಹೋಗಬಹುದು, ಹಲ್ಲು ಹೋಗುವುದಿಲ್ಲ. ಚಂದ್ರಕಲಾ ಯೋಚಿಸದೆ ಆ ಧೂಳನ್ನು ಹಲ್ಲಿನ ನಡುವೆ ಇಟ್ಟಳು.

ಕರ್ ಎಂದಿತು.

ಸಣ್ಣಬಸಪ್ಪ ಅವಳನ್ನೇ ನೋಡುತ್ತಿದ್ದ. "ಬೊಮ್ಮನಹಾಳ್ ಕಡಿಯೋರಾ ಅಮ್ಮಾ?" ಎಂದ, ಈ ಸಲ ಮೆಲ್ಲಗೆ. ಅವಳು ಹೂಂ ಎಂದು, ಪಕ್ಕಕ್ಕೆ ತಿರುಗಿ ಉಗಿದಳು.

"ಪಿಸ್ಟನ್ ಗೀರಿ ಹೋಗಿರತೈತಿ. ಬಿಚ್ಚಬೇಕು" ಎಂದು ಅವನು ಹನುಮಂತುವಿಗೆ ಹೇಳಿದ. "ನಾಕು ದಿನ ಗಾಡಿ ಕೇಳಬ್ಯಾಡ."

ಹನುಮಂತು ನೆರಳಿನಲ್ಲಿ ಒರಗಿಸಿದ್ದ ಎರಡು ಬಂಡಲುಗಳನ್ನು ನೋಡಿದ. ಆಮೇಲೆ, "ನಾನು ನೆರಳಾಗ ಇನ್ನೊಂದು ದಿನ ಒಣಗ್ಸಬೇಕಿತ್ತೇನೋ ಅಲ್ಲೇನಕ್ಕಾ?" ಎಂದ.

ಇರಬಹುದು ಅಂದಿದ್ದರೆ ಸಾಕಿತ್ತು. ಅನ್ನುವುದೂ ಬೇಡ, ತಲೆಯಾಡಿಸಿದ್ದರೂ ಸಾಕಿತ್ತು. ರಸ್ತೆಯ ಆಚೆ ಕಿರಣ್ ಬಂದಿಳಿದಿದ್ದ. ಸ್ಕೂಟರಿನ ಮುಂದಿನಿಂದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಕಟ್ಟೆಗಿಡುತ್ತಿದ್ದ. ಇನ್ನೂ ಇಪ್ಪತ್ತು ಕೆಂಪು ಫಿಲ್ಟರ್. ಹೆಂಡತಿಯನ್ನು ಕಂಡು, ಪೆಟ್ಟಿಗೆ ಬಂತು ಎಂಬಂತೆ ಕೈ ಎತ್ತಿ ತೋರಿಸಿದ.

"ಹನುಮಂತು, ಆ ಚೀಟಿಯಾಗ ಒಂದು ಸಾಲು ಇಲ್ಲ" ಎಂದಳು ಚಂದ್ರಕಲಾ.

"ಯಾವ ಸಾಲಕ್ಕಾ?"

"ತೊಳ್ದ ಮ್ಯಾಲೆ ಎಣ್ಣಿ ಹಚ್ಚಬೇಕು ಅನ್ನೋದು. ಆ ಎಣ್ಣಿಗೇ ಉಸುಕು ಹತ್ಕೊಂಡು ನಿಲ್ಲೋದು. ಇಲ್ಲಾಂದ್ರ ಒಳಗ ಹೊಕ್ಕತಿ. ಮೂರನೇ ಸಾಲು ಅದು."

"ಮರ್ತಿದ್ರೇನ್ರಿ?" ಎಂದಳು ನರಸಕ್ಕ.

ಮರೆತೆ ಎಂಬ ಮಾತು ನಾಲಗೆಯ ತುದಿಗೆ ಬಂದೇ ಬಂತು. ಉಸುಕಿನ ಒಂದು ಕಾಳು ಇನ್ನೂ ಹಲ್ಲಿನಲ್ಲಿತ್ತು.

"ಇಲ್ಲ ನರಸಕ್ಕ. ಗೊತ್ತಿದ್ದು ಬಿಟ್ಟೆ."

ಬೇವಿನ ಎಲೆಗಳು ಗಾಳಿಗೆ ಒಂದೇ ಸಮನೆ ಸದ್ದು ಮಾಡುತ್ತಿದ್ದವು. ನರಸಕ್ಕ ಕೈಯಲ್ಲಿದ್ದ ಬಾಬಿನ್ ಕೇಸನ್ನು ನೋಡಿದಳು, ಮಗನ ಗಾಡಿಯನ್ನು ನೋಡಿದಳು.

"ಹಂಗಾರ ಇವನ ಗಾಡಿಗೆ ಹೋಗಬೇಕಾದ್ದು ನನ್ನ ಮಿಷನ್ನಿಗೆ ಬಂತು" ಎಂದಳು. ನಗಲಿಲ್ಲ. "ಓದಿದೋರು ನೀವು. ಓದಿದೋರು ಬರ್ದಾರ ಅಂತ ಇವನು ಅದನ್ನ ದೇವರ ಪ್ರಸಾದ ಇಟ್ಕೊಂಡಂಗ ಇಟ್ಕೊಂಡಿದ್ದ."

ಹನುಮಂತು ಚೀಟಿಯನ್ನು ಬಂದ ಮಡಿಕೆಯಲ್ಲೇ ಮಡಚಿ, ಕವರಿಗೆ ಹಾಕಿ, ಜೇಬಿಗಿಟ್ಟುಕೊಂಡ. ಇಟ್ಟುಕೊಂಡ ಮೇಲೆ ಯಾಕಿಟ್ಟುಕೊಂಡೆ ಎನ್ನುವಂತೆ ಆ ಜೇಬನ್ನು ಒಮ್ಮೆ ಮುಟ್ಟಿಕೊಂಡ.

ಅಂಗಡಿಯಲ್ಲಿ ಕಿರಣ್ ಪೆಟ್ಟಿಗೆಯ ಟೇಪು ಕೀಳುತ್ತಿದ್ದ. ಅವಳು ಹೇಳಿ ಮುಗಿಸುವವರೆಗೆ ಕೀಳುತ್ತಲೇ ಇದ್ದ.

"ಹೇಳಾಕ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಿದ್ರ ಬ್ಯಾಡ ಅಂತಿದ್ರಿ."

ಅವನು ಪೆಟ್ಟಿಗೆಯ ಮೇಲೆಯೇ ಕೂತ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಲು ಬೇಕಾದಷ್ಟು ತ್ರಾಣವೂ ಇದ್ದಂತೆ ಕಾಣಲಿಲ್ಲ. ಬಾಗಿಲ ಗಾಜಿನ ಮೇಲಿನ ಹದಿನೇಳು ಒಳಗಿನಿಂದ ಹಿಂದುಮುಂದಾಗಿ ಕಾಣುತ್ತಿತ್ತು. ಅದನ್ನೇ ನೋಡುತ್ತ, "ಎಷ್ಟು ಮಂದಿ?" ಎಂದ.

"ಹದಿನಾಕು. ಹನುಮಂತು ಸೇರಿ."

ನಂಬರುಗಳು ಅವಳ ಬಳಿ ಇದ್ದವು. ಅವನು ಒಂದೊಂದಾಗಿ ಫೋನ್ ಹಚ್ಚಿದ. "ಅನ್ನಾ, ಫಿಲ್ಟರ್ ಒಕಸಾರಿ ತೆಚ್ಚಿ ಇವ್ವು. ಏಮೀ ಲೇದು, ಚಿನ್ನ ಪನಿ" ಎಂದು ತೆಲುಗಿನಲ್ಲಿ ಮೊದಲನೆಯವನಿಗೆ ಹೇಳಿದ. ಫಿಲ್ಟರನ್ನೊಮ್ಮೆ ತಂದುಕೊಡು, ಏನೂ ಇಲ್ಲ, ಸಣ್ಣ ಕೆಲಸ ಎಂದು ಎರಡನೆಯವನಿಗೂ ಹೇಳಿದ. ಚಂದ್ರಕಲಾ ಒರೆಸುವ ಬಟ್ಟೆ ಹಿಡಿದು ಅವನನ್ನು ನೋಡುತ್ತಿದ್ದಳು. ಐದನೆಯ ಫೋನು ಬೆಳುಗುಪ್ಪದ ಒಬ್ಬ ಮೇಷ್ಟ್ರಿಗೆ. ಕಿರಣ್ ಮುಖ ಗೋಡೆಯ ಕಡೆ ತಿರುಗಿಸಿ, "ನಮ್ಮಿಂದ ಒಂದು ತಪ್ಪಾಗೈತ್ರಿ ಸಾರ್" ಎಂದ.

ಮೂರನೆಯ ದಿನ ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಹದಿಮೂರು ಫಿಲ್ಟರುಗಳು ಸಾಲಾಗಿ ಪೇಪರಿನ ಮೇಲಿದ್ದವು. ತೊಳೆದು ತೊಳೆದು ಅವುಗಳ ಕೆಂಪು ಹೋಗಿ, ಹಳೆಯ ಗಾಯದ ಪಟ್ಟಿಯಂತೆ ಕಾಣುತ್ತಿದ್ದವು. ಹೊರಗೆ ಕಟ್ಟೆಯ ಮೇಲೆ ನರಸಕ್ಕನ ಮಿಷನ್ನಿನ ತಲೆ ಸೀಮೆಎಣ್ಣೆಯಲ್ಲಿ ನೆಂದಿತ್ತು. ಸಣ್ಣಬಸಪ್ಪನ ಮರದ ಕೆಳಗೆ ಹನುಮಂತುವಿನ ಎಂಜಿನ್ ಬಿಚ್ಚಿಕೊಂಡು, ಗಾಳಿಗೆ ಒದ್ದೆ ಬಟ್ಟೆ ಹೊದ್ದು ಕೂತಿತ್ತು. ಅಂಗಡಿಯ ಗಾಜಿನ ಮೇಲಿನ ಅಂಕಿಯನ್ನು ಕಿರಣ್ ಬ್ಲೇಡಿನಿಂದ ಕೆರೆದಿದ್ದ. ಆ ಜಾಗದಲ್ಲಿ ಇನ್ನೂ ಏನೂ ಬರೆದಿರಲಿಲ್ಲ. ಹನುಮಂತು ಬಂಡಲುಗಳನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದಾನೆ ಎಂದು ಯಾರೋ ಹೇಳಿದರು. ಅವನು ಅಂಗಡಿಯ ಮುಂದಿನಿಂದ ಹೋಗಿರಲಿಲ್ಲ.

ಚಂದ್ರಕಲಾ ಕಾಲು ಮಡಚಿ ಕೂತು, ಹೊಸ ಪೆಟ್ಟಿಗೆಯ ಸೀಸೆಯನ್ನು ಬಗ್ಗಿಸಿ, ಮೊದಲ ಫಿಲ್ಟರಿನ ಒಂದೊಂದು ಮಡಿಕೆಗೂ ಒಂದೊಂದು ಹನಿ ಬಿಡುತ್ತ ಹೋದಳು. ಹನಿ ಬಿದ್ದಲ್ಲಿ ನಿಂತು, ಆಮೇಲೆ ನಿಧಾನವಾಗಿ ಅರಿವೆಯೊಳಗೆ ಎರಡೂ ಕಡೆ ನಡೆಯುತ್ತಿತ್ತು. ಪಕ್ಕದ ಹನಿಯನ್ನು ಮುಟ್ಟುವವರೆಗೆ ಅವಳು ಕಾಯುತ್ತಿದ್ದಳು. ಸಾಲಿನ ಕೊನೆಯಲ್ಲಿ ಹನುಮಂತುವಿನ ಹದಿನಾಲ್ಕನೆಯದಕ್ಕೆಂದು ಒಂದು ಪೇಪರ್ ಹಾಸಿಟ್ಟಿದ್ದಳು. ಬಾಗಿಲ ಸಂದಿಯಿಂದ ಬಂದ ಗಾಳಿ ಅದರ ಮೇಲೆ ಸಣ್ಣಗೆ ಉಸುಕು ಚೆಲ್ಲುತ್ತಿತ್ತು. ಅವಳು ಅದನ್ನು ಕೊಡವಲಿಲ್ಲ. ಎರಡನೆಯ ಫಿಲ್ಟರನ್ನು ತೊಡೆಯ ಮೇಲೆ ಎತ್ತಿಕೊಂಡಳು.