ತಪಾಸಣೆಯ ದಿನದ ರ‍್ಯಾಂಪ್

ನಾನು ಒಂದು ರ‍್ಯಾಂಪ್. ಮೆಟ್ಟಿಲು ಹತ್ತಲಾಗದವರು ಗಾಲಿಯ ಮೇಲೆ ಕೂತು ಕಟ್ಟಡದೊಳಗೆ ಹೋಗಲಿ ಎಂದು ಬಾಗಿಲ ಮುಂದೆ ಇಳಿಜಾರಾಗಿ ಹಾಕುತ್ತಾರಲ್ಲ, ಅದೇ. ನಾನಿರುವ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ತಾವು ಬಚಾವಾದೆವು ಎಂದು ಹಾಯಾಗಿ ಕಾಲು ಚಾಚಿ ಕೂರುತ್ತಾರೆ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ದಾವಲಸಾಬರ ವೆಲ್ಡಿಂಗ್ ಅಂಗಡಿಯಲ್ಲಿ. ಅವರು ಕಬ್ಬಿಣದ ಪಟ್ಟಿಗಳನ್ನು ಕತ್ತರಿಸಿ ಚೌಕಟ್ಟು ಮಾಡಿ, ಮೇಲೆ ಕಾಲು ಜಾರದ ಹಾಗೆ ಉಬ್ಬುಗೆರೆಯ ತಗಡು ಹೊದಿಸಿದರು. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಕೂರಿಸಿದರು. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ನಿಯಮವಂತೆ. ನಾನು ಸರಿಯಾಗಿ ಅಷ್ಟೇ ಇದ್ದೆ. ಹಳದಿ ಬಣ್ಣ ಒಣಗಿದ ಮೇಲೆ ದಾವಲಸಾಬರು ನನ್ನ ಮೇಲೆ ತಾವೇ ಹತ್ತಿ ಇಳಿದು ನೋಡಿದರು. "ಮುದುಕ್ರು, ಬಸರಿ ಹೆಣ್ಮಕ್ಳು, ಯಾರ ಬೇಕಾದ್ರೂ ಆರಾಮ ಏರತಾರ" ಎಂದರು. ಆಗ ನನಗಾದ ಹೆಮ್ಮೆಯನ್ನು ನೆನೆದರೆ ಈಗ ನಗು ಬರುತ್ತದೆ.

ನನ್ನನ್ನು ಮಾಡಿಸಿದವನು ಗುತ್ತಿಗೆದಾರ ಬಸೆಟ್ಟೆಪ್ಪ. "ನಡುವ ಎರಡು ತುಂಡು ಮಾಡ್ರಿ ಸಾಬ್ರ, ಬೋಲ್ಟ್ ಹಾಕೂಣು. ಒಯ್ಯಾಕ ತರಾಕ ಸಲೀಸು" ಎಂದು ಅವನು ಹೇಳಿದಾಗಲೇ ನನಗೆ ಸಂಶಯ ಬರಬೇಕಿತ್ತು. ಬಾಗಿಲ ಮುಂದೆ ಕಾಯಂ ಇರಬೇಕಾದದ್ದನ್ನು ಒಯ್ಯುವುದೇಕೆ, ತರುವುದೇಕೆ?

ಮೊದಲು ಈ ಊರಿನ ಒಂದು ಕಲ್ಯಾಣಮಂಟಪಕ್ಕೆ ಬಂದೆ. ಬೆಳಿಗ್ಗೆ ನನ್ನನ್ನು ಮೆಟ್ಟಿಲಿನ ಪಕ್ಕ ಜೋಡಿಸಿದರು. ನಗರಸಭೆಯ ಇಂಜಿನಿಯರ್ ಗುರುಶಾಂತ ಸಾಹೇಬರು ಬಂದರು. ನಕ್ಷೆಯಲ್ಲಿ ತೋರಿಸಿದ್ದೆಲ್ಲ ನಿಜವಾಗಿ ಕಟ್ಟಲಾಗಿದೆಯೇ ಎಂದು ನೋಡಿ ಸಹಿ ಹಾಕುವುದು ಅವರ ಕೆಲಸ. ಆ ಸಹಿ ಬೀಳದೆ ಕಟ್ಟಡ ಬಾಗಿಲು ತೆರೆಯುವಂತಿಲ್ಲ. ನನ್ನ ಮೇಲೆ ಟೇಪು ಹಿಡಿದರು, ಫೋಟೋ ತೆಗೆದರು, ತಲೆಯಾಡಿಸಿದರು, ಹೋದರು. ಅವರ ಜೀಪು ತಿರುವು ದಾಟಿತೋ ಇಲ್ಲವೋ, ನಾಲ್ಕು ಜನ ಬಂದು ನನ್ನ ಬೋಲ್ಟು ಬಿಚ್ಚಿ ಟೆಂಪೋಗೆ ಹಾಕಿದರು. ನಾನಿದ್ದ ಜಾಗದಲ್ಲಿ ಒಂದು ಪಾನ್‌ಬೀಡಾ ಡಬ್ಬಾ ಬಂದು ಕೂತಿತು.

ಅಂದಿನಿಂದ ನನ್ನ ಬದುಕೆಂದರೆ ಟೆಂಪೋದ ಬದುಕು. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು, ಮರಳು ತುಂಬಿದ ಬಕೆಟುಗಳು ನನ್ನ ಸಹಪ್ರಯಾಣಿಕರು. ಅವೂ ನನ್ನಂತೆಯೇ ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಿದ್ದವು. ಬಸೆಟ್ಟೆಪ್ಪ ನಮ್ಮನ್ನು ಬೇರೆ ಗುತ್ತಿಗೆದಾರರಿಗೂ ಕೊಡತೊಡಗಿದ. ಮೆಟ್ಟಿಲು ಹೆಚ್ಚಿದ್ದ ಕಡೆ ನನ್ನ ತಲೆಯ ಕೆಳಗೆ ಇಟ್ಟಿಗೆ ಪೇರಿಸುತ್ತಿದ್ದರು. ಆಗ ನನ್ನ ಮೇಲೆ ಆಡು ಸಹ ಏರಲು ಹೆದರಬೇಕು, ಅಷ್ಟು ಕಡಿದಾಗುತ್ತಿದ್ದೆ. ಸಾಹೇಬರು ಉದ್ದ ಮಾತ್ರ ಅಳೆಯುತ್ತಿದ್ದರು.

ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಾಗ ಮಾತ್ರ ನನಗೆ ಆಸೆ ಹುಟ್ಟಿತು. ಇಲ್ಲಾದರೂ ಬಿಟ್ಟು ಹೋಗುತ್ತಾರೆ, ರೋಗಿಗಳು ಬರುವ ಜಾಗವಲ್ಲವೇ ಎಂದುಕೊಂಡೆ. ಎಲ್ಲಿಯ ಮಾತು! ಮಧ್ಯಾಹ್ನಕ್ಕೆ ಅಲ್ಲಿಂದಲೂ ಕಿತ್ತರು. ಔಷಧಿ ಅಂಗಡಿಗೆ ಜಾಗ ಸಾಲದಂತೆ. ಕಾಲು ಮುರಿದುಕೊಂಡ ಒಬ್ಬ ಅಜ್ಜನನ್ನು ಮಕ್ಕಳು ಚಾದರದಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುವುದನ್ನು ನಾನು ಟೆಂಪೋದಲ್ಲಿ ಮಲಗಿಕೊಂಡೇ ನೋಡಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಗುರುಶಾಂತ ಸಾಹೇಬರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಮ್ಮೆ ಒಂದು ಶಾಲೆಯ ಮುಂದೆ ನನ್ನ ಕಂಬಿ ತಟ್ಟಿ, "ಏನಪಾ, ಮತ್ತ ನೀನ ಬಂದೇನು?" ಎಂದರು. ಬಸೆಟ್ಟೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮೋಸ ಹೋದವರಾಗಿದ್ದರೆ ನಾನು ಕ್ಷಮಿಸುತ್ತಿದ್ದೆ. ಇವರು ಗುರುತು ಹಿಡಿದು, ಮಾತಾಡಿಸಿ, ಸಹಿ ಹಾಕಿದವರು. ನಾಚಿಕೆ ಎಂಬುದನ್ನು ಯಾವ ಟೇಪಿನಿಂದ ಅಳೆಯುತ್ತಾರೋ!

ಇಷ್ಟೆಲ್ಲ ಊರು ಸುತ್ತಿದರೂ ನನ್ನ ಮೇಲೆ ಒಂದೇ ಒಂದು ಗಾಲಿ ಉರುಳಿರಲಿಲ್ಲ. ಅದು ಉರುಳಿದ್ದು ಸಂತೆ ಮೈದಾನದ ಎದುರಿನ ಹೊಸ ವಾಣಿಜ್ಯ ಮಳಿಗೆಯಲ್ಲಿ. ಅಂದೂ ತಪಾಸಣೆ. ಸಾಹೇಬರು ಅಳತೆ ಮುಗಿಸಿ ಎದುರಿನ ಹೋಟೆಲಿನಲ್ಲಿ ಬಸೆಟ್ಟೆಪ್ಪನ ಜೊತೆ ಚಹಾಕ್ಕೆ ಕೂತಿದ್ದರು. ಆಗ ಫಕೀರವ್ವ ಬಂದಳು. ಚಿಕ್ಕಂದಿನಿಂದ ಕಾಲಿನಲ್ಲಿ ಶಕ್ತಿಯಿಲ್ಲದ ಹೆಂಗಸು, ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿಯ ಸೈಕಲ್ಲಿನವಳು. ರಸ್ತೆ ಬದಿಯಲ್ಲಿ ಕೊಡೆ ಕಟ್ಟಿಕೊಂಡು ಜಂಪರು ಹೊಲಿಯುತ್ತಿದ್ದವಳು ಈ ಮಳಿಗೆಯಲ್ಲಿ ಅಂಗಡಿ ಹಿಡಿಯಬೇಕೆಂದು ನೋಡಲು ಬಂದಿದ್ದಳು. ನನ್ನನ್ನು ಕಂಡು ನಿಂತಳು, ಕಂಬಿ ಮುಟ್ಟಿ ನೋಡಿದಳು. ಆಮೇಲೆ ಸರಸರ ಏರಿಬಿಟ್ಟಳು. ದೇವರೇ, ಎಂಥ ಸುಖ ಅದು! ನಾನು ಹುಟ್ಟಿದ್ದು ಇದಕ್ಕೇ ಎಂದು ನನ್ನ ತಗಡೆಲ್ಲ ಝುಂ ಎಂದಿತು.

ಅವಳು ಒಳಗೆ ಮಷೀನು ಎಲ್ಲಿಡಲಿ, ಕನ್ನಡಿ ಎಲ್ಲಿ ತೂಗುಹಾಕಲಿ ಎಂದು ನೋಡುತ್ತಿದ್ದಳು. ಹೊರಗೆ ಆಳುಗಳು ನನ್ನ ಬೋಲ್ಟು ಬಿಚ್ಚುತ್ತಿದ್ದರು. ಅವಳು ಹೊರಬರುವಷ್ಟರಲ್ಲಿ ನನ್ನ ಅರ್ಧ ಟೆಂಪೋದಲ್ಲಿತ್ತು.

"ಎಲ್ಲಿಗೆ ಒಯ್ಯಾಕ ಹತ್ತೀರಿ ಅದನ್ನ?" ಎಂದಳು ಫಕೀರವ್ವ.

"ನಾಳೆ ಇನ್ನೊಂದ ಬಿಲ್ಡಿಂಗ್ ತಪಾಸಣಿ ಐತಿ ಯಕ್ಕಾ."

"ಮತ್ತ ನಾ ಇಳಿಯೂದು ಹೆಂಗ?"

ಬಸೆಟ್ಟೆಪ್ಪ ರಸ್ತೆ ದಾಟಿ ಓಡಿ ಬಂದ. "ಅದಕ್ಯಾಕ ಚಿಂತಿ? ನಾಕು ಮಂದಿ ಹಿಡದು ಎತ್ತಿ ಇಳಸ್ತಾರ ತಗೋ" ಎಂದ.

"ನಾನೇನು ಸಿಮೆಂಟ್ ಚೀಲ ಅಂತ ತಿಳದೀರೇನು? ಹೆಂಗ ಏರೇನಿ, ಹಂಗ ಇಳೀತೀನಿ. ಸಾಹೇಬ್ರ, ಬರ್ರಿ ಇಲ್ಲೆ! ನೀವು ಅಳದ ರ‍್ಯಾಂಪ್ ಗಾಡಿ ಹತ್ತೇತಿ, ನೋಡ್ರಿ!"

ಸಂತೆಯ ಜನ ಸೇರಿದರು. ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಬಂದು, ನನ್ನನ್ನು ಮತ್ತೆ ಜೋಡಿಸಲು ಹೇಳಿದರು. ಜೋಡಿಸಿದರು. ಫಕೀರವ್ವ ನನ್ನ ನಟ್ಟನಡುವಿನವರೆಗೆ ಇಳಿದು, ಅಲ್ಲೇ ಬ್ರೇಕು ಹಾಕಿದಳು.

"ಇಳಿ ಯವ್ವಾ, ಹೊತ್ತಾತು" ಎಂದ ಬಸೆಟ್ಟೆಪ್ಪ.

"ಇದನ್ನ ನೆಲಕ್ಕ ಗಟ್ಟಿ ಕೂಡಸೂತನಾ ನಾ ಇಳಿಯೂದಿಲ್ಲ. ನನ್ನ ಮುಟ್ಟಿ ನೋಡ್ರಿ, ಯಾರ ಮುಟ್ಟತೀರಿ?"

ಯಾರೂ ಮುಟ್ಟಲಿಲ್ಲ. ಅವಳಿಂದ ಜಂಪರು ಹೊಲಿಸಿಕೊಂಡ ಹೆಂಗಸರೆಲ್ಲ ನನ್ನ ಸುತ್ತ ನಿಂತುಬಿಟ್ಟರು. ಬಿಸಿಲಿಗೆ ನಾನು ಕಾದ ಹಂಚಾಗಿದ್ದೆ, ಆದರೂ ಅವಳು ಕದಲಲಿಲ್ಲ. ಯಾರೋ ಮೊಬೈಲು ಎತ್ತಿ ವಿಡಿಯೋ ಮಾಡತೊಡಗಿದ ಮೇಲೆ ಸಾಹೇಬರಿಗೆ ಇದ್ದಕ್ಕಿದ್ದಂತೆ ನಿಯಮಗಳೆಲ್ಲ ನೆನಪಾದವು. "ಏ ಬಸೆಟ್ಟೆಪ್ಪ, ಏನಿದು ಅನ್ಯಾಯ!" ಎಂದು ಗುಡುಗಿದರು. ಎಂಥ ಮಾನವಂತ! ಡ್ರಿಲ್ ಮಷೀನು ತರಿಸಿ, ನೆಲಕ್ಕೆ ತೂತು ಕೊರೆದು, ನನ್ನ ಕಾಲುಗಳನ್ನು ಸಿಮೆಂಟಿನಲ್ಲಿ ಹುಗಿದರು. ಆಮೇಲೆ ಅವಳು ಇಳಿದಳು.

ಈಗ ನಾನು ಮುದಿಯಾಗಿದ್ದೇನೆ. ಹಳದಿ ಬಣ್ಣ ಎಂದೋ ಹೋಯಿತು, ಬದಿಗೆ ತುಕ್ಕು ಹಿಡಿದಿದೆ. ಫಕೀರವ್ವನ ಅಂಗಡಿಯಲ್ಲಿ ಈಗ ಎರಡು ಮಷೀನು. ತರಕಾರಿ ತಳ್ಳುಗಾಡಿಯವರು, ಮಗುವಿನ ತೊಟ್ಟಿಲಗಾಡಿ ತಳ್ಳುವ ತಾಯಂದಿರು, ಮಂಡಿನೋವಿನ ಅಜ್ಜಿಯರು ನನ್ನ ಮೇಲೇ ಹೋಗುತ್ತಾರೆ. ನಿಯಮ ಬರೆದವರು ಇವರನ್ನೆಲ್ಲ ನೆನೆದೇ ಬರೆದಿರಬೇಕು. ಸಹಿ ಹಾಕುವವರು ಫೋಟೋ ಒಂದನ್ನೇ ನೆನೆಯುತ್ತಾರೆ. ಒಬ್ಬ ಹೆಂಗಸು ಬಿಸಿಲಲ್ಲಿ ಹಟ ಹಿಡಿದು ಕೂತರಷ್ಟೇ ಒಂದು ರ‍್ಯಾಂಪ್ ತನ್ನ ಜಾಗದಲ್ಲಿ ಉಳಿಯುತ್ತದೆ ಎಂದಾದರೆ, ಆ ಕಚೇರಿ, ಆ ಸಂಬಳ, ಆ ಜೀಪು ಯಾತಕ್ಕೆ? ನನಗಿನ್ನೂ ಸಿಟ್ಟು ಇಳಿದಿಲ್ಲ.

ಮೊನ್ನೆ ಸಂತೆಯ ದಿನ ನಮ್ಮ ಮುಂದಿನಿಂದ ಒಂದು ಟೆಂಪೋ ಹೋಯಿತು. ಅದರಲ್ಲಿ ಹೊಸ ಹಳದಿ ಬಣ್ಣದ ರ‍್ಯಾಂಪ್ ಇತ್ತು, ಎರಡು ತುಂಡು. ಮುಂದಿನ ಸೀಟಿನಲ್ಲಿ ಬಸೆಟ್ಟೆಪ್ಪ ಕೂತಿದ್ದ. ಕುಪ್ಪಸದ ಬಟ್ಟೆ ಕತ್ತರಿಸುತ್ತಿದ್ದ ಫಕೀರವ್ವ ತಲೆಯೆತ್ತಿ ಅದನ್ನು ನೋಡಿದಳು. ಕತ್ತರಿ ಕೆಳಗಿಟ್ಟಳು. ಕಾದು ಕೂತಿದ್ದ ಗಿರಾಕಿಗೆ "ಜರಾ ಕುಂದರ್ರಿ ಯಕ್ಕಾ, ಬಂದೆ" ಎಂದಳು. ನನ್ನ ಮೇಲಿಂದ ಸರ್ರನೆ ಇಳಿದು, ಟೆಂಪೋ ಹೋದ ಕಡೆಗೆ ಸೈಕಲ್ ತಿರುಗಿಸಿದಳು.