ಗೋಡೆಗೆ ಮುಖ ಮಾಡಿದ ಕಿಟಕಿ

ನಾನು ಒಂದು ಕಿಟಕಿ. ಸಾಗವಾನಿಯ ಮೈ, ಐದು ಕಬ್ಬಿಣದ ಸರಳು, ಎರಡು ಕದ, ಒಂದು ಹಿತ್ತಾಳೆಯ ಚಿಲಕ. ಗುಜರಿ ಅಂಗಡಿಯ ಮೂಲೆಯಲ್ಲಿ ಒರಗಿ ನಿಂತಿದ್ದೇನೆಂದು ನನ್ನನ್ನು ಹಗುರವಾಗಿ ನೋಡಬೇಡಿ. ನನ್ನನ್ನು ಮಾಡಿದ ಬಡಿಗೇರ ಮೌನೇಶಪ್ಪ ಸಾಮಾನ್ಯದವನಲ್ಲ. ಚಿಲಕ ಕೂರಿಸಿದ ದಿನ ಹತ್ತು ಸಲ ಹಾಕಿ ತೆಗೆದು ನೋಡಿ, "ಇದು ಒಳಗಿನವರ ಕೈಗೆ ಸಿಗಬೇಕು ನೋಡು. ಅವರಿಗೆ ಬೇಕಾದಾಗ ತೆಗೀಬೇಕು, ಬ್ಯಾಡಾದಾಗ ಹಾಕಬೇಕು" ಎಂದು ಹೆಂಡತಿಗೆ ಹೇಳಿದ್ದ.

ನಲವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿದ್ದೆ. ಬೇವಿನ ಮರದ ಗಾಳಿಯನ್ನು ಒಳಗೆ ಬಿಡುವುದು, ಮಗ್ಗಿಯ ಗದ್ದಲವನ್ನು ಹೊರಗೆ ಬಿಡುವುದು, ಇಷ್ಟೇ ಕೆಲಸ. ಶಾಲೆಗೆ ಹೊಸ ಕಟ್ಟಡವಾಯಿತು, ನಾನು ಮೊದಲ ಸಲ ಗುಜರಿಗೆ ಬಂದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಗುರುಶಾಂತಪ್ಪನವರು.

ಅವರದು ಸಾಲಾಗಿ ಎಂಟು ಬಾಡಿಗೆ ಕೋಣೆಗಳು. ಏಳಕ್ಕೆ ಓಣಿಯ ಕಡೆ ಕಿಟಕಿಯಿತ್ತು. ಎಂಟನೆಯದರ ಗೋಡೆ ಅವರದೇ ಹಿತ್ತಲಿಗೆ ತಾಗಿತ್ತು, ಅದಕ್ಕೆ ಕಿಟಕಿ ಇಟ್ಟಿರಲಿಲ್ಲ. ಬಾಡಿಗೆಯವರ ಕಣ್ಣು ತಮ್ಮ ಹಿತ್ತಲಿಗೆ ಬೀಳಬಾರದು ಎಂಬ ಹಟ. ಅಷ್ಟರಲ್ಲಿ ನಗರಸಭೆಯಿಂದ ಕಾಗದ ಬಂತು: ಬಾಡಿಗೆಗೆ ಕೊಟ್ಟ ಪ್ರತಿ ಕೋಣೆಗೂ ಗಾಳಿ ಬೆಳಕು ಇರಬೇಕು, ಸೋಮವಾರ ತಪಾಸಣೆ.

ಭಾನುವಾರ ಗೌಂಡಿ ಬಂದ. ಕೋಣೆಯ ಒಳಗೆ ನಿಂತು ಗೋಡೆಯನ್ನು ನಾಲ್ಕು ಬೆರಳು ಆಳ ಕೆತ್ತಿ, ತೂತು ಮಾಡದೆ, ನನ್ನನ್ನು ಅದಕ್ಕೆ ಒತ್ತಿ ಸಿಮೆಂಟು ಮೆತ್ತಿದ. ಪಾಪ, ಜೀವಮಾನವಿಡೀ ಅವನು ಮನೆಯ ಹೊರಗೆ ನಿಂತೇ ಕಿಟಕಿ ಕೂರಿಸಿದವನು. ಇಲ್ಲಿ ಹೊರಗು ಅನ್ನುವುದೇ ಇರಲಿಲ್ಲ. ಕೈ ರೂಢಿಯ ಮೇಲೆ ಸರಳುಗಳನ್ನು ತನ್ನ ಕಡೆಗಿಟ್ಟು ಕೆಲಸ ಮುಗಿಸಿದ. ಹೀಗೆ ಸರಳು ಕೋಣೆಯ ಕಡೆಗೂ ಚಿಲಕ ಗೋಡೆಯ ಕಡೆಗೂ ಆಯಿತು. ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಮೌನೇಶಪ್ಪನ ನೆನಪಾಗಿ ನಾಚಿಕೆಯಿಂದ ಸಾಯುವಂತಾಯಿತು.

ಆ ಕೋಣೆಯಲ್ಲಿದ್ದವಳು ಕಾಶವ್ವ. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಕಟ್ಟಿಗೆ ಒಲೆಯ ಹೊಗೆಯೆಲ್ಲ ಒಳಗೇ ಸುತ್ತುತ್ತಿತ್ತು. ಅವಳ ಅತ್ತೆ ನಿಂಬೆವ್ವನಿಗೆ ಉಬ್ಬಸ, ಕಣ್ಣೂ ಮಂಜು. ಡಾಕ್ಟರು ಗಾಳಿಯಾಡುವ ಕಡೆ ಇಡಿ ಎಂದಿದ್ದರು.

ಗುರುಶಾಂತಪ್ಪನವರು ಬಾಗಿಲಲ್ಲೇ ನಿಂತು ಪಾಠ ಹೇಳಿದರು. "ಕಿಡಕಿ ತೆಗೀರಿ ಅಂದ್ರ, ಅತ್ತೀಗೆ ಗಾಳಿ ಆಗಿ ಬರಂಗಿಲ್ಲ ಅನ್ನು. ಇಲ್ಲಾಂದ್ರ ನಗರಸಭಾದವ್ರು ಕೋಣಿಗೆ ಬೀಗ ಜಡೀತಾರ. ಆಮ್ಯಾಲೆ ಎಲ್ಲಿ ಹೋಗ್ತಿ ನೋಡು."

ಕಾಶವ್ವ ತಲೆಯಾಡಿಸಿದಳು. ಗಾಳಿ ಕೇಳಿದರೆ ಸೂರೇ ಹೋಗುತ್ತದೆ ಎಂದ ಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ?

ಸೋಮವಾರ ಬಂದವರು ಹೊಸಿಲು ದಾಟಲಿಲ್ಲ. ದೂರದಿಂದ ನನ್ನನ್ನು ನೋಡಿ, ಕಿಟಕಿ ಉಂಟು ಎಂದು ಬರೆದುಕೊಂಡು, ಮಾಲೀಕರ ಮನೆಯ ಚಹಾ ಕುಡಿದು ಹೋದರು.

ಆಮೇಲಿನ ಮೂರು ತಿಂಗಳು ನನ್ನ ಬಾಳಿನ ಕೆಟ್ಟ ಕಾಲ. ನಿಂಬೆವ್ವ ನನ್ನನ್ನು ನಿಜವಾದ ಕಿಟಕಿಯೆಂದೇ ನಂಬಿಬಿಟ್ಟಳು. ಬೆಳಿಗ್ಗೆ ಎದ್ದು ಗೋಡೆ ಹಿಡಿದು ಬಂದು, ಸರಳಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಅವಳ ಎದೆಯ ಸುಯಿಲು ನನ್ನ ಮರಕ್ಕೆ ತಾಗುತ್ತಿತ್ತು. "ಒಂದೀಟು ತೆಗಿಯವ್ವ" ಎನ್ನುವಳು. "ಚಿಲಕ ಜಂಗ್ ಹಿಡದೈತಿ ಅತ್ತಿ, ಬರವಲ್ದು" ಎಂದು ಇಲ್ಲದ ತುಕ್ಕನ್ನು ದೂರಿ ಕಾಶವ್ವ ಒಲೆಯ ಕಡೆ ತಿರುಗಿಬಿಡುವಳು. ಕಣ್ಣೊರೆಸಿಕೊಂಡರೆ ಹೊಗೆಯ ನೆಪವಿತ್ತು.

ಮುಂದೆ ಹೊಸ ಆರೋಗ್ಯ ನಿರೀಕ್ಷಕಿ ಬಂದರು, ಶಕೀಲಾ ಮೇಡಂ. ಹೊಗೆಗೆ ಕೆಮ್ಮುತ್ತಲೇ ಒಳಗೆ ಬಂದು ಕೇಳಿದರು. "ಇಷ್ಟು ಹೊಗಿ ಐತಿ, ಕಿಡಕಿ ಯಾಕ ಹಾಕೀಯವ್ವ?"

ಹಿಂದೆ ಗುರುಶಾಂತಪ್ಪನವರು ನಿಂತಿದ್ದರು. ಕಾಶವ್ವ ಕಲಿತ ಪಾಠ ಒಪ್ಪಿಸಿದಳು. "ನಮ್ಮ ಅತ್ತೀಗೆ ಗಾಳಿ ಆಗಿ ಬರಂಗಿಲ್ರೀ."

ಚಾಪೆಯ ಮೇಲಿಂದ ನಿಂಬೆವ್ವ ತಲೆಯೆತ್ತಿದಳು. "ನಾ ಯಾವಾಗ ಹಂಗಂದೆ? ಚಿಲಕ ಜಂಗ್ ಹಿಡದೈತಿ ಅಂತ ದಿನಾ ನೀನ ಹೇಳ್ತಿಯಲ್ಲ."

ಮೇಡಂ ಸರಳಿನ ನಡುವೆ ಕೈ ತೂರಿಸಿದರು. ಮೇಲೆ, ಕೆಳಗೆ, ಎರಡೂ ಕದದ ಮೇಲೆ ಕೈಯಾಡಿಸಿದರು. "ಜಂಗ್ ಹಿಡಿಯೂದು ಇರಲಿ, ಚಿಲಕ ಎಲ್ಲೈತಿ? ಹೊರಗ ಐತೇನು? ಬರ್ರಿ ಗುರುಶಾಂತಪ್ಪನವರ, ಹೊರಗ ಹೋಗಿ ನೋಡೋಣು."

ಹೊರಗೆ ಹಿತ್ತಲಲ್ಲಿ ಸುಣ್ಣ ಬಳಿದ ಗೋಡೆಯೇ ಇತ್ತು, ಮತ್ತೇನೂ ಇರಲಿಲ್ಲ. ಮೇಡಂ ತಿರುಗಿ ಬಂದಾಗ ಕಾಶವ್ವ ಹಿಟ್ಟಿನ ಕೈಯಲ್ಲೇ ಅವರ ಮುಂದೆ ನಿಂತಳು. "ತಪ್ಪಾತ್ರೀ. ಬೀಗ ಹಾಕಬ್ಯಾಡ್ರಿ. ಈ ಮುದುಕೀನ ಕಟ್ಟಿಕೊಂಡು ನಾ ಎಲ್ಲಿ ಹೋಗ್ಲಿ?"

"ಬೀಗ ಯಾರು ಹಾಕ್ತಾರವ್ವ? ನೋಟಿಸು ಅವರಿಗೆ, ನಿನಗಲ್ಲ. ಹದಿನೈದು ದಿನದಾಗ ಗೋಡಿ ಒಡೀಬೇಕು. ಒಡಿಯೂತನಕ ವಾರಕ್ಕೊಮ್ಮೆ ನಾನ ಬಂದು ನೋಡ್ತೀನಿ. ನೀ ಇಲ್ಲೇ ಇರಬೇಕು, ತಿಳೀತಿಲ್ಲ?" ಮೇಡಂ ಈ ಕೊನೆಯ ಮಾತನ್ನು ಗುರುಶಾಂತಪ್ಪನವರ ಮುಖ ನೋಡಿಯೇ ಹೇಳಿದರು.

ಹೇಳಿದಂತೆ ಎರಡು ಸಲ ಬಂದರು. ಹದಿನಾಲ್ಕನೆಯ ದಿನ ಅದೇ ಗೌಂಡಿ ಬಂದು ನನ್ನನ್ನು ಕಿತ್ತು, ಗೋಡೆ ಒಡೆದು, ಈ ಸಲ ಹಿತ್ತಲಲ್ಲಿ ನಿಂತು ನೆಟ್ಟಗೆ ಕೂರಿಸಿದ. ಸಿಮೆಂಟು ಒಣಗಿದ ಮೇಲೆ ಕಾಶವ್ವ ತನ್ನ ಕೈಯಿಂದಲೇ ಚಿಲಕ ಎಳೆದಳು. ಹಿತ್ತಲಿನ ನುಗ್ಗೆಮರದ ಗಾಳಿ ಒಳಗೆ ನುಗ್ಗಿ ಒಲೆಯ ಬೂದಿ ಹಾರಿಸಿತು. ನಿಂಬೆವ್ವ ತಡವರಿಸುತ್ತ ಬಂದು ಸರಳು ಹಿಡಿದು, ಬಹಳ ಹೊತ್ತು ಉಸಿರೆಳೆದುಕೊಂಡಳು.

"ಜಂಗ್ ಬಿಡ್ತೇನವ್ವ?" ಎಂದು ಕೇಳಿದಳು.

"ಬಿಡ್ತು ಅತ್ತಿ" ಎಂದಳು ಕಾಶವ್ವ.

ನಿಂಬೆವ್ವ ಮತ್ತೆ ನಾಲ್ಕು ವರ್ಷ ಬದುಕಿದಳು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಗುರುಶಾಂತಪ್ಪನವರ ದನಿ ಕೇಳಿಸಿದರೆ ಸಾಕು, "ನಾಷ್ಟಾ ಆತೇನಪಾ?" ಎಂದು ದಿನಾ ವಿಚಾರಿಸುತ್ತಿದ್ದಳು. ಅವರೂ ಮೊದಮೊದಲು ಮುಖ ಸಿಂಡರಿಸಿ, ಆಮೇಲೆ ಉತ್ತರ ಕೊಡುವುದನ್ನು ಕಲಿತರು.

ಈಗ ಆ ಕೋಣೆಗಳು ಇಲ್ಲ. ನಾನು ಮತ್ತೆ ಗುಜರಿಗೆ ಬಂದಿದ್ದೇನೆ. ಒಂದು ಕದ ಸಡಿಲವಾಗಿದೆ, ಚಿಲಕ ಮಾತ್ರ ಗಟ್ಟಿ. ಇವತ್ತು ಒಬ್ಬರು ಅವಸರದಲ್ಲಿ ಬಂದು ನನ್ನ ಉದ್ದ ಅಗಲ ಅಳೆದುಕೊಂಡರು. ನಾಳೆ ತಪಾಸಣೆಯಿದೆ, ಒಂದು ಬಾಡಿಗೆ ಮನೆಗೆ ಬೇಕು ಎಂದರು. ಗೋಡೆ ಒಡೆದಿದೆಯೋ ಇಲ್ಲವೋ ಎಂದು ಅಂಗಡಿಯವನು ಕೇಳಲಿಲ್ಲ, ಅವರೂ ಹೇಳಲಿಲ್ಲ.