ಆಮೇಲೆ ಸಾಹೇಬರ ಸ್ಟೂಲು

ಆ ಪ್ರಯೋಗಾಲಯದ ಮುಖ್ಯಸ್ಥರಿಗೆ ಗಾಜಿನ ಬಾಗಿಲಿನದೊಂದು ಕೋಣೆಯಿತ್ತು, ಕೋಣೆಯೊಳಗೆ ಎತ್ತರದ ಬೆನ್ನಿನ, ಗಾಲಿಗಳ ಮೇಲೆ ಸುತ್ತುವ ಕುರ್ಚಿಯೊಂದಿತ್ತು. ಆದರೆ ಏಳು ವರ್ಷಗಳಲ್ಲಿ ಅವರು ಆ ಕುರ್ಚಿಯ ಮೇಲೆ ಕೂತದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಅಲ್ಲಿ ಅವರ ಛತ್ರಿ ಕೂರುತ್ತಿತ್ತು. ಅವರು ಬೆಳಿಗ್ಗೆ ಒಂಬತ್ತಕ್ಕೆ ಬಂದವರೇ ಮೂಲೆಯಲ್ಲಿದ್ದ ಮೂರು ಕಾಲಿನ ಗಿಡ್ಡ ಸ್ಟೂಲನ್ನು ಒಂದು ಕಾಲು ಹಿಡಿದು ಎತ್ತಿಕೊಂಡು, ಬಲ ಮಂಡಿಯನ್ನು ಕೊಂಚ ಎಳೆಯುವ ನಿಧಾನದ ನಡಿಗೆಯಲ್ಲಿ ಮೇಜಿನಿಂದ ಮೇಜಿಗೆ ಹೊರಡುತ್ತಿದ್ದರು. ಯಾರ ಬಳಿ ನಿಂತರೂ ಮೊದಲು ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿ, ಪರರ ಮನೆಯ ಬಾಗಿಲು ತಟ್ಟಿದವರಂತೆ ಒಪ್ಪಿಗೆಗೆ ಕಾದು, ನಂತರ ಕೂರುತ್ತಿದ್ದರು. ಕೂತ ಮೇಲೆ ಅವರ ತಲೆ ಎದುರಿನವರ ಮೊಣಕೈ ಮಟ್ಟಕ್ಕೆ ಬರುತ್ತಿತ್ತು. ಅಲ್ಲಿಂದ ಕತ್ತೆತ್ತಿ ನೋಡಿ ಕೇಳುತ್ತಿದ್ದುದು ಒಂದೇ ಮಾತು: "ಆಮೇಲೆ?"

ಯಾವುದರ ಆಮೇಲೆ ಎಂದು ಅವರು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ನಿನ್ನೆ ನಿಂತಲ್ಲಿಂದ ಮಾತು ತಾನಾಗಿ ಮುಂದೆ ಸಾಗುತ್ತಿತ್ತು. ಹೀಗೆ ಅವರಿಗೆ ಆಮೇಲೆ ಸಾಹೇಬರು ಎಂಬ ಹೆಸರು ಬಿತ್ತು, ಆ ಹೆಸರು ಅವರ ಕಿವಿಗೂ ಬಿದ್ದಿತ್ತು.

ಅವರನ್ನು ಇಡೀ ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಗಮನಿಸಿದವನು ಕಂಪನ ವಿಭಾಗದ ಹಿರಿಯ ಎಂಜಿನಿಯರ್. ಗಮನಿಸಿದ್ದು ಅಭಿಮಾನದಿಂದಲ್ಲ, ಅಪ್ಪಟ ಹೊಟ್ಟೆಕಿಚ್ಚಿನಿಂದ. ತಿರುಗುವ ಯಂತ್ರದ ನಡುಕವನ್ನು ಅಳೆದು ಅದರ ರೋಗ ಹೇಳುವುದರಲ್ಲಿ ಅವನದು ಎತ್ತಿದ ಕೈ. ಹಿಂದಿನ ಮುಖ್ಯಸ್ಥರು ಹೊರಟಾಗ ಆ ಸುತ್ತುವ ಕುರ್ಚಿ ಇವನಿಗೇ ಎಂದು ಬಾಗಿಲ ಕಾವಲಿನವನಿಂದ ಹಿಡಿದು ಎಲ್ಲರೂ ನಂಬಿದ್ದರು. ಅವನಂತೂ ನಂಬಿದ್ದಷ್ಟೇ ಅಲ್ಲ, ಕಡುನೀಲಿ ಬಣ್ಣದ ಹೊಸ ಕೋಟೊಂದನ್ನು ಹೊಲಿಸಿಯೂ ಇಟ್ಟಿದ್ದ. ಬಂದವರು ಇವರು. ಎಲ್ಲೋ ಬಾಯ್ಲರುಗಳ ದುರಸ್ತಿ ನೋಡಿಕೊಂಡಿದ್ದವರು, ಬೂದಿಬಣ್ಣದ ಹಳೆಯ ಕೋಟು, ಆ ಕೋಟಿನ ಮೂರನೆಯ ಗುಂಡಿ ಮಾತ್ರ ಕಂದು, ಹೊಲಿದ ದಾರ ಕಪ್ಪು. ಆ ಗುಂಡಿ ಕಣ್ಣಿಗೆ ಬಿದ್ದಾಗಲೆಲ್ಲ ಇವನ ಮೈ ಉರಿಯುತ್ತಿತ್ತು. ಹೊಸ ಕೋಟು ಬೀರುವಿನಲ್ಲಿ ಹಾಗೇ ತೂಗಾಡುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ. ಇವತ್ತು ಹೀಗೆ ನಡೆದರು, ಹಾಗೆ ಕೆಮ್ಮಿದರು, ಆ ಗುಂಡಿಯನ್ನು ಇನ್ನೂ ಬದಲಾಯಿಸಿಲ್ಲ. ಒಂದು ದಿನ ಅವನ ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೇಳಿದಳು: "ನಾನು ಕನ್ನಡಕ ಬದಲಾಯಿಸಿ ಒಂದು ತಿಂಗಳಾಯ್ತು. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅವರ ಗುಂಡಿಯ ದಾರದ ಬಣ್ಣ ಮಾತ್ರ ಬಾಯಿಪಾಠ." ಅವನು ತಲೆಯೆತ್ತಿ ನೋಡಿದ. ಕನ್ನಡಕ ಹೊಸದೇ ಆಗಿತ್ತು.

ಅವನ ದೂರು ನಿರಾಧಾರವೇನಲ್ಲ. ಸಾಹೇಬರಿಗೆ ಗಣಿತ ಅಷ್ಟಕ್ಕಷ್ಟೆ. ತುಂಬಿದ ಸಭೆಯಲ್ಲಿ, ಸಂಕೋಚದ ಲವಲೇಶವೂ ಇಲ್ಲದೆ, "ಈ ಅನುರಣನ ಅಂದ್ರೆ ಏನು, ನಂಗೆ ಇನ್ನೊಂದ್ಸಲ ಹೇಳ್ತೀರಾ?" ಎಂದು ಕೇಳುತ್ತಿದ್ದರು. ಅವನು ನಾಲ್ಕು ಸಭೆಗಳಲ್ಲಿ ನಾಲ್ಕು ಸಲ, ಹಲ್ಲು ಕಚ್ಚಿಕೊಂಡು, ಹೊರಗಿನ ನಡುಕ ಯಂತ್ರದ ಸಹಜ ಲಯಕ್ಕೆ ಕೂಡಿದರೆ ಎಷ್ಟು ಹಿಗ್ಗುತ್ತದೆಂದು ವಿವರಿಸಿದ. ನಾಲ್ಕನೆಯ ಸಲ ನೋಡುತ್ತಾನೆ, ಹದಿನೈದು ವರ್ಷ ಅನುಭವವಿದ್ದ ವಿದ್ಯುತ್ ವಿಭಾಗದವರು ಮೂವರು ತಲೆ ತಗ್ಗಿಸಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ. ಇವರಿಗೆ ಗೊತ್ತಿಲ್ಲವೆಂದು ಸಾಹೇಬರಿಗೆ ಗೊತ್ತಿತ್ತೋ, ಸಾಹೇಬರಿಗೇ ನಿಜವಾಗಿ ಗೊತ್ತಿರಲಿಲ್ಲವೋ, ಅದು ಅವನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಎರಡರಲ್ಲಿ ಯಾವುದಾದರೂ ಅವನಿಗೆ ಅಷ್ಟೇ ಸಂಕಟ.

ಲೋಹತಜ್ಞೆಯ ಪ್ರಸಂಗವಂತೂ ನುಂಗಲಾರದ ತುತ್ತಾಯಿತು. ಆಕೆಯ ಮೇಜು ಅವನ ಪಕ್ಕದ್ದೇ. ಒಂಬತ್ತು ವರ್ಷಗಳಲ್ಲಿ ಆಕೆ ಅವನೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಕಾಗದದ ಮಗ್ಗುಲು ತುಂಬಲಾರದು. ಸಾಹೇಬರು ಬಂದು ಮೂರು ದಿನ ಸ್ಟೂಲಿನ ಮೇಲೆ ಕೂತು ಆಕೆ ಉಕ್ಕಿನ ತುಣುಕುಗಳಿಗೆ ಹೊಳಪು ಕೊಡುವುದನ್ನು ಸುಮ್ಮನೆ ನೋಡಿದರು. ಮೂರನೆಯ ದಿನ ಆಕೆ ತುಣುಕನ್ನು ಕೆಳಗಿಟ್ಟು, ಹಿಂದೆ ಬಂದ ಒಂದು ಲೋಡು ಉಕ್ಕಿನ ಗುಣದ ಮೇಲೆ ತನಗೆ ಎರಡು ವರ್ಷದಿಂದ ಅನುಮಾನವಿದೆಯೆಂದೂ, ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲವೆಂದೂ ಹೇಳಿಬಿಟ್ಟಳು. ಅನುಮಾನ ನಿಜವಾಯಿತು. ತಾನು ಒಂದು ಮೊಳ ದೂರದಲ್ಲಿ ಒಂಬತ್ತು ವರ್ಷ ಕೂತಿದ್ದೆನಲ್ಲ ಎಂದು ಅವನು ಆ ದಿನವಿಡೀ ಪೆನ್ಸಿಲಿನ ತುದಿ ಕಡಿದ.

ಇಷ್ಟರಲ್ಲಿ ಅವನ ಸರದಿಯೇ ಬಂತು. ಒಂದು ಊರಿನ ನೀರು ಸರಬರಾಜಿಗೆ ಹೋಗುವ ಮೂರು ದೊಡ್ಡ ಪಂಪುಗಳ ಕಂಪನ ಪರೀಕ್ಷೆ ಅವನದಾಗಿತ್ತು. ನಡುಕದ ಸಂಕೇತ ತೀರ ಕ್ಷೀಣವಾದ್ದರಿಂದ ಅದನ್ನು ಒಂದು ಪೆಟ್ಟಿಗೆ ಎರಡು ಪಟ್ಟು ಹಿಗ್ಗಿಸಿ ಕೊಡುತ್ತದೆ. ಬಂದ ಅಂಕಿಯನ್ನು ಎಂಜಿನಿಯರ್ ಎರಡರಿಂದ ಭಾಗಿಸಿಕೊಳ್ಳಬೇಕು. ಆ ವರ್ಷ ಬಂದ ಹೊಸ ಪೆಟ್ಟಿಗೆ ಭಾಗಿಸುವ ಕೆಲಸವನ್ನೂ ತಾನೇ ಮಾಡುತ್ತಿತ್ತು, ಕೈಪಿಡಿಯಲ್ಲಿ ಹಾಗೆಂದು ಬರೆದಿತ್ತು. ಆದರೆ ಕೈಪಿಡಿ ಓದುವುದು ಹೊಸಬರ ಕೆಲಸವೆಂಬುದು ಅವನ ಮತ. ಕೈ ರೂಢಿಯ ಮೇಲೆ ಅವನು ಇನ್ನೊಮ್ಮೆ ಭಾಗಿಸಿದ. ಮಿತಿ ಮೀರಿ ನಡುಗುತ್ತಿದ್ದ ಪಂಪುಗಳು ಕಾಗದದ ಮೇಲೆ ಬೆಣ್ಣೆಯಂತೆ ತಿರುಗಿದವು, ಇಷ್ಟು ನಯವಾದ ಪಂಪನ್ನು ತಾನು ಕಂಡೇ ಇಲ್ಲವೆಂದು ಅವನು ವರದಿಯಲ್ಲಿ ಹೊಗಳಿಕೆಯ ಒಂದು ಸಾಲನ್ನೂ ಸೇರಿಸಿದ. ಎರಡು ಪಂಪು ಹೋಗಿ ಕೆಲಸ ಶುರುಮಾಡಿ, ಮೂರನೆಯದು ಲಾರಿಗೆ ಕಾಯುತ್ತಿದ್ದಾಗ, ಒಂದು ಮಧ್ಯಾಹ್ನ ಬೇರೇನನ್ನೋ ಹುಡುಕುತ್ತ ಕೈಪಿಡಿ ತೆರೆದವನಿಗೆ, ಪೆಟ್ಟಿಗೆಯೇ ಭಾಗಿಸುತ್ತದೆಂಬ ಸಾಲು ಕಂಡಿತು.

ಅವನು ವರದಿಯ ಪ್ರತಿಯನ್ನು ತೆಗೆದು ಮುಂದಿಟ್ಟುಕೊಂಡ. ಬೇರಿಂಗು ಸಿಡಿದರೆ ಊರಿನ ನೀರು ನಿಲ್ಲುವುದಿರಲಿ, ಪಕ್ಕದಲ್ಲಿ ನಿಂತವನ ಗತಿ? ಹೇಳಲೇಬೇಕು. ಯಾರಿಗಾದರೂ ಹೇಳಿಯಾನು, ಈ ಗುಂಡಿಯ ಮನುಷ್ಯನಿಗೆ ಹೇಳುವುದು ಹೇಗೆ? ಹೀಗೆ ಅವನು ಹಾಳೆಯ ಮೇಲೆ ಅಂಗೈ ಮುಚ್ಚಿ ಕೂತಿರುವಾಗ ಮೇಜಿನ ಮೇಲೆ ಎರಡು ಸಲ ಗೆಣ್ಣಿನ ಸದ್ದಾಯಿತು. ಸಾಹೇಬರು ಕೂತರು. "ಆಮೇಲೆ?"

ಅವನು ಹೇಳಿಬಿಟ್ಟ.

"ಆಮೇಲೆ?"

"ಮೂರನೇದನ್ನ ಮತ್ತೆ ಪರೀಕ್ಷೆ ಮಾಡಬಹುದು. ಉಳಿದೆರಡನ್ನ ನಿಲ್ಲಿಸಬೇಕು."

"ಆಮೇಲೆ?"

"ಆಮೇಲೇನು, ನನ್ನ ಕೆಲಸ ಹೋಗತ್ತೆ."

ಸಾಹೇಬರು ಮಂಡಿ ನೀವಿಕೊಂಡರು. "ಆ ಕೈಪಿಡಿ ಇಲ್ಲಿ ಕೊಡಿ. ನಾನೂ ಓದಿಲ್ಲ." ಆ ಪುಟಕ್ಕೆ ಬೆರಳಿಟ್ಟುಕೊಂಡೇ ಕೋಣೆಗೆ ಹೋಗಿ, ಛತ್ರಿ ಕೂತ ಕುರ್ಚಿಯ ಪಕ್ಕದಲ್ಲಿ ನಿಂತು ಫೋನು ಮಾಡಿದರು. ಅತ್ತಲಿನವರ ಕೂಗಾಟ ಹೊರಗಿನವರೆಗೂ ಕೇಳುತ್ತಿತ್ತು. ಕಂದು ಗುಂಡಿಯನ್ನು ತಿರುವುತ್ತ ಅವರು ಹೇಳಿದ್ದಿಷ್ಟು: "ಎರಡೂ ಪಂಪು ಈಗ್ಲೇ ನಿಲ್ಲಿಸಿ, ನಾವು ಬರ್ತೀವಿ. ಯಾರ ತಪ್ಪು ಅಂದ್ರೆ, ಪ್ರಯೋಗಾಲಯದ್ದು. ವರದಿ ಕೆಳಗೆ ನನ್ನ ಸಹಿ ಇದೆ ನೋಡಿ." ಪಂಪುಗಳು ಹಿಂದೆ ಬಂದವು, ಸರಿಯಾದವು, ಹೋದವು. ಹೊಸ ಉಪಕರಣ ಬಂದರೆ ಅದರ ಕೈಪಿಡಿಯನ್ನು ಪಕ್ಕದ ಮೇಜಿನವರಿಗೆ ಗಟ್ಟಿಯಾಗಿ ಓದಿಹೇಳಬೇಕೆಂಬ ಪದ್ಧತಿ ಬಂತು. ತಪ್ಪು ಯಾರದೆಂದು ಸಾಹೇಬರು ಯಾರ ಬಳಿಯೂ ಬಾಯಿಬಿಡಲಿಲ್ಲ.

ಕೃತಜ್ಞತೆ ಹುಟ್ಟಬೇಕಿತ್ತು; ಅರ್ಧ ಗಂಟೆ ಹುಟ್ಟಿತ್ತು ಕೂಡ. ಆಮೇಲೆ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕುರ್ಚಿ ತನಗೇ ಸಿಕ್ಕಿದ್ದರೆ, ತನ್ನಂಥವನೊಬ್ಬ ತನ್ನ ಬಳಿ ಬಂದು ಇಂಥ ತಪ್ಪನ್ನು ಹೇಳುತ್ತಿದ್ದನೇ ಎಂಬ ಪ್ರಶ್ನೆ ಅವನನ್ನು ಕೈತೊಳೆದುಕೊಂಡು ಬೆನ್ನು ಹತ್ತಿತು. ಉತ್ತರ ಅವನಿಗೆ ಗೊತ್ತಿತ್ತು.

ಎರಡು ವರ್ಷದ ನಂತರ ಸಾಹೇಬರು ನಿವೃತ್ತರಾದರು, ಹೋಗುವಾಗ ಇವನ ಹೆಸರನ್ನೇ ಶಿಫಾರಸು ಮಾಡಿ ಹೋದರು. ಕೊನೆಯ ದಿನ ಛತ್ರಿ ಎತ್ತಿಕೊಂಡು, "ಸ್ಟೂಲು ಎಡಕ್ಕೆ ವಾಲತ್ತೆ, ನೋಡ್ಕೊಂಡು ಕೂತ್ಕೊಳಿ" ಎಂದರು. ಉಪದೇಶ ಅಷ್ಟೆ.

ಮೊದಲ ದಿನ ಅವನು ಕಡುನೀಲಿ ಕೋಟು ತೊಟ್ಟ. ಇಷ್ಟು ವರ್ಷದಲ್ಲಿ ಬೆಳೆದ ಹೊಟ್ಟೆಗೆ ಗುಂಡಿ ಕೂಡಲಿಲ್ಲ. ಸ್ಟೂಲು ಹಿಡಿದು ಲೋಹತಜ್ಞೆಯ ಬಳಿ ಹೋಗಿ, ಎರಡು ಸಲ ತಟ್ಟಿ, ಕಾದು, ಕೂತು, ಕತ್ತೆತ್ತಿ, "ಆಮೇಲೆ?" ಎಂದ. ಒಂದು ಅಂಗವೂ ತಪ್ಪಲಿಲ್ಲ.

"ಆಮೇಲೇನೂ ಇಲ್ಲ ಸಾರ್, ಎಲ್ಲ ಸರಿ ಇದೆ" ಎಂದಳು ಆಕೆ. ಎನ್ನುತ್ತ ಮುಂದಿದ್ದ ಹಾಳೆಯ ಮೇಲೆ ಅಂಗೈ ಇಟ್ಟಳು.

ಆ ಅಂಗೈ ಅವನಿಗೆ ಪರಿಚಿತ. ಏಳು ವರ್ಷ ಬಯಸಿದ ಜಾಗ ದಕ್ಕಿತ್ತು, ಅಲ್ಲಿ ಕೂತವನಿಗೆ ಸಿಗಬೇಕಾದದ್ದು ಮಾತ್ರ ಆ ಕೈಯ ಅಡಿಯಲ್ಲಿತ್ತು. ಸ್ಟೂಲು ಎಡಕ್ಕೆ ವಾಲಿತು, ಕಾಲೂರಿ ಸರಿಪಡಿಸಿಕೊಂಡ. ಕೊನೆಗೆ, ಸಾಹೇಬರ ಮಾತನ್ನು ಬಿಟ್ಟು ತನ್ನದೇ ಒಂದನ್ನು ಹುಡುಕಿ ತೆಗೆದ: "ಆ ಮೂರು ಪಂಪಿನ ತಪ್ಪು ಇತ್ತಲ್ಲ. ಅದು ಪ್ರಯೋಗಾಲಯದ್ದಲ್ಲ. ನಂದು. ನಾನು ಕೈಪಿಡಿ ಓದಿರಲಿಲ್ಲ."

ಆಕೆ ಅವನನ್ನು ಮೊದಲ ಸಲವೆಂಬಂತೆ ನೋಡಿದಳು. ಹಾಳೆಯ ಮೇಲಿನ ಕೈ ಕೊಂಚ ಸರಿಯಿತು. "ಆಮೇಲೆ?" ಎಂದಳು.

ಆ ಗಳಿಗೆಯಲ್ಲೂ ಅವನಿಗೆ ಹೊಟ್ಟೆಕಿಚ್ಚಾಯಿತು, ಏಕೆಂದರೆ ಆ ಮಾತು ಅವನ ಬಾಯಿಗಿಂತ ಆಕೆಯ ಬಾಯಲ್ಲಿ ಚೆನ್ನಾಗಿ ಕೂತಿತ್ತು.

ಬಲ್ಲವರನ್ನು ಆಳುವವರಲ್ಲಿ ಇಂಥ ಒಂದು ಜಾತಿಯಿದೆ. ಇವರು ಎಲ್ಲರಿಗಿಂತ ಬಲ್ಲವರಲ್ಲ. ತಮಗೆ ತಿಳಿಯದ್ದನ್ನು ಬಚ್ಚಿಡುವ ಶ್ರಮ ಇವರಿಗಿಲ್ಲ, ಆದ್ದರಿಂದ ಇವರೆದುರು ಬೇರೆಯವರೂ ಆ ಶ್ರಮವನ್ನು ಬಿಡುತ್ತಾರೆ. ಇವರ ನೆರಳಲ್ಲಿ ನೆಮ್ಮದಿಯಾಗಿ ಕೆಲಸ ಮಾಡಿದವರು ಇವರನ್ನು ಪ್ರೀತಿಸುತ್ತಾರೆ, ಬೀಳ್ಕೊಡುತ್ತಾರೆ, ನಾಲ್ಕು ತಿಂಗಳಲ್ಲಿ ಮರೆತೂ ಬಿಡುತ್ತಾರೆ. ಮೂರನೆಯ ಗುಂಡಿ ಕಂದು, ಅದರ ದಾರ ಕಪ್ಪು ಎಂದು ಜೀವಮಾನವಿಡೀ ನೆನಪಿಟ್ಟುಕೊಳ್ಳುವವನು, ಅವರಂತಾಗಲು ಬಯಸಿ ಆಗದೆ ಹೋದವನು ಮಾತ್ರ.